ಹನ್ನೊಂದನೇ ಹಾಸಿಗೆಯ ಹಳದಿ ಚೀಟಿ

ಗೋಡೆ ಗಡಿಯಾರದಲ್ಲಿ ಎರಡು ಗಂಟೆಯಾಯಿತು. ಪರದೆಯ ಮೇಲೆ ನೂರ ನಲವತ್ತೇಳು ನೀಲಿ ಚುಕ್ಕೆಗಳು ಒಟ್ಟಿಗೆ ಕಣ್ಣು ಬಿಟ್ಟವು.

ಒಂದೊಂದು ಚುಕ್ಕೆಯೂ ಒಬ್ಬೊಬ್ಬ ವೈದ್ಯಕೀಯ ವಿದ್ಯಾರ್ಥಿ. ಯಾರು ಹಾಸ್ಟೆಲಿನ ಮಂಚದ ಮೇಲಿದ್ದರೋ, ಯಾರು ಊರಿಗೆ ಹೊರಟ ಬಸ್ಸಿನಲ್ಲಿದ್ದರೋ ದೇವರಿಗೇ ಗೊತ್ತು. ಮೊಬೈಲಿನಲ್ಲಿ ಪಾಠ ತೆರೆದವರೆಲ್ಲ ಹೋಗಿ ನಿಂತದ್ದು ಮಾತ್ರ ಒಂದೇ ಕಡೆ. ಚಿತ್ರದ ಒಂದು ವಾರ್ಡು, ಹನ್ನೊಂದನೇ ಹಾಸಿಗೆ, ಅದರ ಮೇಲೊಬ್ಬ ಮುದುಕಿ. ಪಕ್ಕದ ಸ್ಟೂಲಿನ ಮೇಲೆ ಖಾಲಿ ತಟ್ಟೆ. ಬೆಳಗಿನ ಎಂಟು ಗಂಟೆ, ಸಕ್ಕರೆ ಕಾಯಿಲೆಯ ಗುಳಿಗೆ ಕೊಡುವ ಹೊತ್ತು.

"ಎಲ್ಲಾ ಒಳಗೆ ಬಂದ್ರು ಟೀಚರೇ," ಎಂದ ಪ್ರಸೂನ್. ಈ ಆನ್‌ಲೈನ್ ಪಾಠಗಳ ಕಂಪ್ಯೂಟರ್ ಕೆಲಸವೆಲ್ಲ ಅವನದು.

ಏಲಿಕುಟ್ಟಿ ಟೀಚರ್ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿದರು. ಪುಳಿಂಚೇರಿ ಗುಡ್ಡದ ಮೇಲಿನ ಆ ವೈದ್ಯಕೀಯ ಕಾಲೇಜಿನಲ್ಲಿ ಮೂವತ್ತು ವರ್ಷದಿಂದ ಅವರು ಕಲಿಸುತ್ತ ಬಂದದ್ದು ಒಂದೇ ವಿಷಯ, ಮದ್ದು ಕೊಲ್ಲದ ಹಾಗೆ ಕೊಡುವುದು ಹೇಗೆ ಎಂದು. ಇಂದಿನ ಪಾಠದ ಹಿಂದೆ ಮಾತ್ರ ಬೇರೆ ಲೆಕ್ಕಾಚಾರವಿತ್ತು.

ನಿಜವಾದ ಹನ್ನೊಂದನೇ ಹಾಸಿಗೆಯಲ್ಲಿದ್ದ ಇಯ್ಯಾತ್ತುಟ್ಟಿ ಎಂಬ ಮುದುಕಿ ಸತ್ತು ಹತ್ತು ದಿನವಾಗಿತ್ತು. ಗುಳಿಗೆ ಬರೆದ ಕಿರಿಯ ವೈದ್ಯ ಜಿಷ್ಣುವನ್ನು ಮನೆಗೆ ಕಳಿಸಬೇಕೋ ಬೇಡವೋ ಎಂದು ಸಮಿತಿ ಇಂದು ನಾಲ್ಕು ಗಂಟೆಗೆ ತೀರ್ಮಾನಿಸಲಿತ್ತು. ಅವನ ಜಾಗದಲ್ಲಿ ಬೇರೆಯವರಿದ್ದರೆ ಏನು ಮಾಡುತ್ತಿದ್ದರು ಎಂದು ಅದಕ್ಕೆ ಮುಂಚೆ ಟೀಚರಿಗೆ ನೋಡಬೇಕಿತ್ತು.

ಪರದೆಯ ಮೇಲೆ ಎಚ್ಚರಿಕೆಯ ಚೌಕ ಮೂಡಿತು. *ರೋಗಿ ಊಟ ಮಾಡಿದ್ದಾರೆಯೇ? ಅವರನ್ನೇ ಕೇಳಿ ಉತ್ತರಿಸಿ.* ಕೆಳಗೆ ಎರಡೇ ಗುಂಡಿ, ಹೌದು ಮತ್ತು ಇಲ್ಲ. ಮುದುಕಿಯ ಮುಖ ಒತ್ತಿದರೆ ಅವಳನ್ನು ಮಾತಾಡಿಸಬಹುದಿತ್ತು.

ಯಾರೂ ಮಾತಾಡಿಸಲಿಲ್ಲ. ಎಲ್ಲರ ಕಣ್ಣೂ ಖಾಲಿ ತಟ್ಟೆಯ ಮೇಲೆ ಬಿತ್ತು, ಬೆರಳು ಹೌದು ಎಂದಿತು. ಒಂದು ಸೆಕೆಂಡು, ಹೆಚ್ಚೆಂದರೆ ಎರಡು. ನೀಲಿ ಚುಕ್ಕೆಗಳು ಹತ್ತಾಗಿ, ಮೂವತ್ತಾಗಿ, ನೂರಾಗಿ ಕೆಂಪಾಗುತ್ತ ಹೋದವು. ಬಯಲಿನ ಒಣಹುಲ್ಲಿಗೆ ಬೆಂಕಿ ಹರಡಿದಂತಿತ್ತು.

ಏಲಿಕುಟ್ಟಿಯವರು ಮುಂದಕ್ಕೆ ಬಾಗಿ ನೋಡಿದರು. ಹಲ್ಲು ಕಚ್ಚಿ ಓದಿ ಸೀಟು ಗಿಟ್ಟಿಸಿದ ಮಕ್ಕಳು ಇವರು. ನೂರ ನಲವತ್ತಾರು ತಲೆ, ನೂರ ನಲವತ್ತಾರು ಬುದ್ಧಿ, ಬಿದ್ದದ್ದೆಲ್ಲ ಒಂದೇ ಗುಂಡಿಗೆ. ಜಿಷ್ಣು ಬಿದ್ದದ್ದೂ ಅದೇ ಗುಂಡಿಗೆ. ಮನುಷ್ಯನ ಬೆರಳು ಇಷ್ಟು ಒಂದೇ ತರಹ ಕೆಲಸ ಮಾಡುವುದನ್ನು ಅವರು ಹಿಂದೆಂದೂ ಕಂಡಿರಲಿಲ್ಲ.

"ಓದಲ್ವಲ್ಲೋ ಇವರು," ಅಂದರು. "ಅಷ್ಟು ದೊಡ್ಡದಾಗಿ ಬರೆದು ಎದುರಿಗಿಟ್ಟರೂ ಓದಲ್ವಲ್ಲ. ಕೈ ಅಭ್ಯಾಸ ಆಗಿಬಿಟ್ಟಿದೆ."

"ಒಂದು ನೀಲಿ ಉಳೀತು ಟೀಚರೇ," ಎಂದ ಪ್ರಸೂನ್. ಅವನ ದನಿ ಸಣ್ಣಗಾಗಿತ್ತು.

ಎಂಬತ್ತೆಂಟನೇ ನಂಬರಿನ ಚುಕ್ಕೆ. ಅದು ಮುದುಕಿಯನ್ನು ಮಾತಾಡಿಸಿರಲಿಲ್ಲ, ಯಾವ ಹಾಳೆಯನ್ನೂ ತೆರೆದಿರಲಿಲ್ಲ. ಆರನೇ ಸೆಕೆಂಡಿಗೆ ಇಲ್ಲ ಎಂದು ಒತ್ತಿ, ಕೆಳಗಿನ ಜಾಗದಲ್ಲಿ ಒಂದು ಸಾಲು ಬರೆದಿತ್ತು. *ಇವರು ನೋಂಬಿನಲ್ಲಿದ್ದಾರೆ. ಸಂಜೆ ಮಸೀದಿಯ ಬಾಂಗ್ ಆಗುವವರೆಗೆ ನೀರೂ ಮುಟ್ಟುವುದಿಲ್ಲ. ಗುಳಿಗೆ ಕೊಡಬೇಡಿ.*

ಏಲಿಕುಟ್ಟಿಯವರು ಕುರ್ಚಿಯಿಂದ ಅರ್ಧ ಎದ್ದರು.

ಪಾಠದಲ್ಲಿ ನೋಂಬಿನ, ಅಂದರೆ ರಂಜಾನ್ ಉಪವಾಸದ, ಮಾತೇ ಇರಲಿಲ್ಲ. ಬೇಕೆಂದೇ ಅವರು ಊರು ಬದಲಿಸಿದ್ದರು, ಹೆಸರು ತೆಗೆದಿದ್ದರು, ಕಿಟಕಿಯಾಚೆ ಕರ್ಕಿಟಕ ಮಾಸದ ಮಳೆ ಸುರಿಸಿದ್ದರು. ಉಪವಾಸದ ತಿಂಗಳಲ್ಲಿ ಇಯ್ಯಾತ್ತುಟ್ಟಿ ಆಸ್ಪತ್ರೆಯ ತಿಂಡಿ ತಿನ್ನದೆ, ಎಂಟರ ಗುಳಿಗೆಯನ್ನು ಎತ್ತಿಟ್ಟು ಮರುದಿನ ನಸುಕಿನಲ್ಲಿ ನುಂಗಿ ದಿನವಿಡೀ ಬರೀ ಹೊಟ್ಟೆಯಲ್ಲಿದ್ದಳು, ಸಕ್ಕರೆ ಇಳಿದು ಬಿದ್ದಳು ಎಂಬುದು ಅವಳ ಮನೆಯವರಿಗೆ, ಸಮಿತಿಗೆ, ತಮಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಊರೆಲ್ಲ ಹಬ್ಬಿದ್ದು ಡಾಕ್ಟರ್ ಎರಡರಷ್ಟು ಮದ್ದು ಕೊಟ್ಟ ಎಂಬ ಗುಲ್ಲು.

"ಎಂಬತ್ತೆಂಟು ಯಾರು?"

"ನಫ್ಲ. ನಾಲ್ಕನೇ ವರ್ಷ."

"ಬರಹೇಳು. ಈಗಲೇ."

ಅಷ್ಟರಲ್ಲಿ ಅಟೆಂಡರ್ ಕುಂಞಿರಾಮನ್ ಬಾಗಿಲಲ್ಲಿ ಕೆಮ್ಮಿದ. "ಸಮಿತಿ ನೋಟೀಸು, ಟೀಚರ್. ನಾಲ್ಕಕ್ಕೆ ನೀವೂ ಬರ್ಬೇಕಂತೆ. ಇಲ್ಲೊಂದು ಸಹಿ."

ಅವರು ಕಣ್ಣನ್ನು ಪರದೆಯಿಂದ ಕೀಳದೆ ಸಹಿ ಮಾಡಿದರು, ಕೆಳಗೆ *ಮೀನಂ 19* ಎಂದು ಗೀಚಿದರು. ಇಡೀ ಕಾಲೇಜು ಏಪ್ರಿಲ್ ಎರಡು ಎಂದು ಬರೆಯುವಾಗ ಮಲಯಾಳ ತಿಂಗಳ ತೇದಿ ಹಾಕುವವರು ಅವರೊಬ್ಬರೇ. ಶಾಲಾ ಮೇಷ್ಟರಾಗಿದ್ದ ಅಪ್ಪ ಬಿಟ್ಟುಹೋದ ಹಟ ಅದು.

"ಏನಿದೆ ಅದ್ರಲ್ಲಿ ಅಂತಾದ್ರೂ ಓದಿ ಟೀಚರ್," ಎಂದ ಕುಂಞಿರಾಮನ್. "ನಾಳೆ ನಿಮ್ಮ ಮನೆ ನನ್ನ ಹೆಸರಿಗೆ ಬರೆಸಿಕೊಂಡೇನು."

"ಬರೆಸ್ಕೋ. ಸೋರುತ್ತೆ ಅದು."

ನಗು ಬಹಳ ಹೊತ್ತು ಉಳಿಯಲಿಲ್ಲ. ಕುಂಞಿರಾಮನ್ ಬಾಗಿಲು ಸರಿಸಿದಾಗ ಹೊರಗಿನ ಬೆಂಚಿನಲ್ಲಿ ಜಿಷ್ಣುವಿನ ತಾಯಿ ಕೂತಿದ್ದು ಕಾಣಿಸಿತು. ಬೀಡಿ ಕಟ್ಟಿ ಮಗನನ್ನು ಓದಿಸಿದ ಹೆಂಗಸು. ಬೆಳಗಿನಿಂದ ಅಲ್ಲಿಂದ ಕದಲಿರಲಿಲ್ಲ.

ಜಿಷ್ಣು ಹೇಳುತ್ತಿದ್ದದ್ದು ಇಷ್ಟೇ. ಬುಧವಾರ ಮಧ್ಯಾಹ್ನ ಫೈಲಿಗೆ ಒಂದು ಹಳದಿ ಚೀಟಿ ಚುಚ್ಚಿತ್ತು, ಅದರ ಮೇಲೆ ಸೀಲೂ ಸಹಿಯೂ ಇತ್ತು. ಸಹಿಯಾಗಿದೆ ಅಂದ ಮೇಲೆ ಟೀಚರುಗಳು ನೋಡಿ ಸರಿ ಅಂದಿದ್ದಾರೆ ಎಂದುಕೊಂಡು ಅವನು ಓದದೆ ಮುಂದೆ ಹೋಗಿದ್ದ. ಮರುದಿನ ಮುದುಕಿ ಕುಸಿದಳು. ಈಗ ಫೈಲಿನಲ್ಲಿ ಚೀಟಿ ಇಲ್ಲ. ಚೀಟಿ ಸಿಕ್ಕರೆ ಅವನ ತಪ್ಪು ಹಲವರ ತಪ್ಪಾಗುತ್ತಿತ್ತು. ಸಿಗದಿದ್ದರೆ ಎಲ್ಲವೂ ಅವನೊಬ್ಬನ ತಲೆಗೆ.

ಅವನ ಮಾತು ನಂಬಿದ್ದು ಏಲಿಕುಟ್ಟಿ ಟೀಚರ್ ಒಬ್ಬರೇ. ಫೈಲಿನ ಮೂಲೆಯಲ್ಲಿ ಗುಂಡುಪಿನ್ನಿನ ಎರಡು ತೂತುಗಳನ್ನು ಕಂಡವರು ಅವರು.

ಹಳದಿ ಚೀಟಿಯ ಪದ್ಧತಿಯೂ ಅವರದೇ ಕೂಸು. ವಾರ್ಡಿನಲ್ಲಿ ಮದ್ದಿನ ಬಗ್ಗೆ ಸಂಶಯ ಬಂದರೆ ವಿದ್ಯಾರ್ಥಿಗಳು ಹಳದಿ ಚೀಟಿ ಬರೆದು ಔಷಧ ವಿಭಾಗದ ಪೆಟ್ಟಿಗೆಗೆ ಹಾಕಬೇಕು. ನಾಲ್ವರು ಟೀಚರುಗಳಲ್ಲಿ ಆ ದಿನದ ಸರದಿಯವರು ಓದಿ, ಸೀಲು ಒತ್ತಿ, ಸಹಿ ಮಾಡಿ, ವಾರ್ಡಿಗೆ ಹಿಂದಿರುಗಿಸಬೇಕು. ವಾರಕ್ಕೊಂದು ಚೀಟಿ ಬರೆದವರಿಗೆ ಆನ್‌ಲೈನ್ ಕೋರ್ಸಿನಲ್ಲಿ ಎರಡು ಅಂಕ. ಅಂದಿನಿಂದ ಪೆಟ್ಟಿಗೆ ತುಂಬಿ ತುಳುಕುತ್ತಿತ್ತು.

ಆ ಚೀಟಿ ಪೆಟ್ಟಿಗೆಗೆ ಬಂದಿರಬೇಕಾದದ್ದು ಮಂಗಳವಾರ. ಮಂಗಳವಾರದ ಸರದಿ ಉಣ್ಣಿತ್ತಾನ್ ಸಾರ್ ಅವರದು. ಕೇಳಿದಾಗ ಅವರು ಸಿಡುಕಿ, "ನಾನು ಸಹಿ ಹಾಕಿದ್ದನ್ನೆಲ್ಲ ಓದೇ ಹಾಕ್ತೀನಿ," ಅಂದಿದ್ದರು. ಸಿಡುಕಿದವರ ಮೇಲೆ ಸಂಶಯ ಜಾಸ್ತಿ. ಇಂದು ಬೆಳಿಗ್ಗೆಯೇ ಏಲಿಕುಟ್ಟಿಯವರು ಉಣ್ಣಿತ್ತಾನ್ ಹೆಸರು ಬರೆದು ಸಮಿತಿಗೆ ಕಾಗದ ಕೊಟ್ಟು ಬಂದಿದ್ದರು.

ನಫ್ಲ ಬಂದಾಗ ಮೂರೂವರೆ ದಾಟಿತ್ತು. ಎರಡು ದಿನದ ಹಿಂದೆ ನೋಂಬು ಮುಗಿದ ಪೆರುನ್ನಾಳ್ ಹಬ್ಬದ ಮದರಂಗಿ ಇನ್ನೂ ಅಂಗೈಯಲ್ಲಿ ಕೆಂಪಗಿತ್ತು. ಪ್ರಸೂನ್ ಚಾಯ ತರುತ್ತೇನೆಂದು ಎದ್ದುಹೋದ.

"ಕೂತ್ಕೋ ಮೋಳೇ," ಎಂದರು ಏಲಿಕುಟ್ಟಿ. ಮಗಳೇ ಎಂದು ಕರೆದರೆ ಮಕ್ಕಳ ಬಾಯಿ ಬೇಗ ಬಿಚ್ಚುತ್ತದೆ ಎಂಬುದು ಅವರ ಹಳೆಯ ನಂಬಿಕೆ. "ಆರು ಸೆಕೆಂಡಲ್ಲಿ ಉತ್ತರ ಬರೆದೆಯಲ್ಲ. ಹೇಗೆ ಗೊತ್ತಾಯ್ತು?"

"ಪಾಠದಲ್ಲಿತ್ತು."

"ಇರ್ಲಿಲ್ಲ. ಪಾಠ ಬರೆದವಳು ನಾನು."

ಹುಡುಗಿ ತಲೆ ತಗ್ಗಿಸಿದಳು. ಆಮೇಲೆ ನಿಧಾನವಾಗಿ ಹೇಳಿದಳು. "ತಟ್ಟೆ ನೋಡಿದ ಕೂಡ್ಲೇ ಗೊತ್ತಾಯ್ತು ಟೀಚರ್. ಹನ್ನೊಂದನೇ ಹಾಸಿಗೆಯ ಆ ಉಮ್ಮನ ತಟ್ಟೆ ಯಾವಾಗ್ಲೂ ಹಾಗೇ ಇರ್ತಿತ್ತು. ಒರೆಸಿಟ್ಟ ಹಾಗೆ. ಬ್ರೆಡ್ಡು, ಮೊಟ್ಟೆ ಎಲ್ಲಾ ಪಕ್ಕದ ಹಾಸಿಗೆಯವಳ ಮಗೂಗೆ ಕೊಟ್ಟುಬಿಡ್ತಿದ್ರು. ನಾನು ಕಂಡೆ. ನನ್ನ ನೋಡಿ ಕಣ್ಣು ಮಿಟುಕಿಸಿದ್ರು."

"ನೀನೇನಂದೆ?"

"ಕಾಯಿಲೆಯವರಿಗೆ ಬಿಡುವಿದೆ ಉಮ್ಮ, ನೋಂಬು ಆಮೇಲೆ ಹಿಡೀಬಹುದು ಅಂದೆ. ಬಿಡುವೆಲ್ಲ ನಿಮ್ಮಂಥ ಓದಿದವರಿಗೆ, ಅರುವತ್ತು ವರ್ಷದಲ್ಲಿ ಒಂದೂ ಬಿಟ್ಟವಳಲ್ಲ ನಾನು ಅಂದ್ರು. ಆ ಹುಡುಗ ಡಾಕ್ಟರಿಗೆ ಹೇಳ್ಬೇಡ, ಪಾಪ ಹೆದರ್ಕೊಳ್ತಾನೆ ಅಂತ ನನ್ನ ಕೈ ಹಿಡ್ಕೊಂಡ್ರು."

ಏಲಿಕುಟ್ಟಿಯವರಿಗೆ, ತಾವೆಂದೂ ಕಾಣದ ಆ ಮುದುಕಿ ಈಗ ಎದುರಿಗೇ ಕೂತು ಕಣ್ಣು ಮಿಟುಕಿಸಿದಂತಾಯಿತು. ಸಾವು ಪಕ್ಕದಲ್ಲಿದ್ದಾಗಲೂ ಡಾಕ್ಟರ್ ಹೆದರಿಯಾನು ಎಂದು ಚಿಂತಿಸಿದ ಜೀವ ಅದು.

"ಬಾಯಲ್ಲಿ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಅದಕ್ಕೇ ಬರೆದೆ," ಎಂದಳು ನಫ್ಲ. "ನಮ್ಮಂಥವರು ದೊಡ್ಡವರ ಎದುರು ಗುಳಿಗೆ ನಿಲ್ಲಿಸಿ ಅನ್ನೋ ಹಾಗಿಲ್ಲ. ಸಂಶಯ ಬಂದ್ರೆ ಚೀಟಿ ಬರೀರಿ ಅಂತ ಟೀಚರೇ ಹೇಳಿಕೊಟ್ಟಿದ್ದು. ಮಂಗಳವಾರ ಪೆಟ್ಟಿಗೆಗೆ ಹಾಕಿದೆ. ಬುಧವಾರ ಸಹಿಯಾಗಿ ಬಂತು. ಸರಿ, ನೋಡಿದ್ದಾರೆ, ಇನ್ನು ನನ್ನದೇನಿಲ್ಲ ಅಂತ ಸುಮ್ಮನಾದೆ."

"ಹಾಗಿದ್ರೆ ಚೀಟಿ ಇತ್ತು."

"ಇತ್ತು."

ಏಲಿಕುಟ್ಟಿಯವರು ಕುರ್ಚಿ ಮುಂದೆಳೆದರು. "ಇಷ್ಟು ದಿನ ಎಲ್ಲಿ ಹೋಗಿತ್ತು ಬಾಯಿ? ಆ ಹುಡುಗನ ಬದುಕು ನೂಲಲ್ಲಿ ತೂಗಾಡ್ತಿದೆ."

"ಹೇಳ್ಬೇಕಾದವರ ಹತ್ರ ಹೇಳೋಕೆ ಹೆದರಿಕೆ ಆಯ್ತು." ಹುಡುಗಿಯ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಇವತ್ತು ಪಾಠದಲ್ಲಿ ಆ ತಟ್ಟೆ ಕಂಡಾಗ, ಟೀಚರ್ ಕೇಳ್ತಿದ್ದಾರೆ, ಹೇಳ್ಬಹುದು ಅನ್ನಿಸ್ತು. ಅದಕ್ಕೇ ಬರೆದೆ."

"ಯಾರ ಸಹಿ ಇತ್ತು?"

ನಫ್ಲ ಅಂಗೈಯ ಮದರಂಗಿಯನ್ನು ಹೆಬ್ಬೆರಳಿನಿಂದ ಉಜ್ಜಿದಳು.

"ಉಣ್ಣಿತ್ತಾನ್ ಸಾರ್‌ದಾ? ಹೆದರ್ಬೇಡ, ನಾನಿದ್ದೀನಿ."

ನಫ್ಲ ತಲೆಯೆತ್ತಿ ಟೀಚರ್ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಕಾಯಿಲೆ ಏನೆಂದು ಗೊತ್ತಾದ ಮೇಲೂ ರೋಗಿಗೆ ಹೇಳಲಾರದೆ ನಿಂತ ವೈದ್ಯರ ನೋಟವಾಗಿತ್ತು ಅದು.

"ಟೀಚರಿಗೆ ನಿಜವಾಗಿಯೂ ನೆನಪಿಲ್ವಾ?"

"ನನಗ್ಯಾಕೆ ನೆನಪಿರುತ್ತೆ? ಅವತ್ತು ನನ್ನ ಸರದಿಯೇ ಅಲ್ಲ."

"ನಾನು ಹೆಸರು ಹೇಳಲ್ಲ ಟೀಚರ್. ನಾನು ಹೇಳಿದ್ರೆ ಚಾಡಿ ಆಗುತ್ತೆ. ಚೀಟಿ ಸಿಕ್ಕಿದ್ರೆ ಸಾಕ್ಷಿ ಆಗುತ್ತೆ." ಅವಳು ಎದ್ದು ನಿಂತಳು. "ಪ್ರಸೂನ್ ಚೇಟ್ಟನ್ ಫೈಲಿನ ಚಿತ್ರ ತೆಗೆಯೋಕೆ ದಾಖಲೆ ಕೋಣೆಗೆ ಬಂದ ದಿನ ನಾನೂ ಅಲ್ಲೇ ಇದ್ದೆ, ನನ್ನ ಪ್ರಾಜೆಕ್ಟಿಗೆ ಹಳೇ ಫೈಲು ಹುಡುಕ್ತಾ. ಆವಾಗ ಚೀಟಿ ಫೈಲಲ್ಲಿತ್ತು. ಈ ಪಾಠದೊಳಗೆ ಹಾಕಿದ್ದು ಯಾವುದೂ ಅಳಿಯಲ್ಲ ಅಂತ ಮೊದಲನೇ ದಿನ ಹೇಳಿದ್ರಲ್ಲ. ನೋಡಿ."

ಬಾಗಿಲು ಮುಚ್ಚಿಕೊಂಡಿತು.

ಏಲಿಕುಟ್ಟಿಯವರು ಪರದೆಯತ್ತ ತಿರುಗಿದರು. ಪ್ರಸೂನ್ ಫೈಲಿನ ಚಿತ್ರ ತೆಗೆದು ತಂದದ್ದು ಅವರ ಅಪ್ಪಣೆಯಿಂದಲೇ. ಅವನು ತೋರಿಸಿದ ಚಿತ್ರದಲ್ಲಿ ಎರಡು ತೂತಿತ್ತು, ಚೀಟಿ ಇರಲಿಲ್ಲ.

ಪಾಠದಿಂದ ತೆಗೆದು ಹಾಕಿದ್ದೆಲ್ಲ ಮೂವತ್ತು ದಿನ ಕಂಪ್ಯೂಟರಿನೊಳಗಿನ ಹಿಂದಿನ ಕೋಣೆಯೊಂದರಲ್ಲಿ ಉಳಿಯಬೇಕು ಎಂಬ ನಿಯಮ ಮಾಡಿಸಿದವರೂ ಅವರೇ. ತಪ್ಪು ಅಳಿಸಿದರೆ ಕಲಿಯುವುದೇನು ಎಂದು ವಾದಿಸಿದ್ದರು. ಅವರು ಆ ಕೋಣೆ ತೆರೆದರು. ಅವಸರದಲ್ಲಿ ಎರಡು ಸಲ ತಪ್ಪು ಒತ್ತಿದರು.

ಹಳೆಯ ಚಿತ್ರ ಅಲ್ಲಿತ್ತು. ಹಾಕಿದ್ದು ಹನ್ನೊಂದೂ ನಲವತ್ತಕ್ಕೆ, ತೆಗೆದದ್ದು ಹನ್ನೊಂದೂ ನಲವತ್ತಾರಕ್ಕೆ. ಹಾಕಿದವನೂ ತೆಗೆದವನೂ ಪ್ರಸೂನ್.

ಫೈಲಿನ ಮೂಲೆಯಲ್ಲಿ ಹಳದಿ ಚೀಟಿ. ನಫ್ಲಳ ದುಂಡನೆಯ ಅಕ್ಷರ. *ಹನ್ನೊಂದನೇ ಹಾಸಿಗೆ ನೋಂಬಿನಲ್ಲಿದ್ದಾರೆ, ತಟ್ಟೆ ನೋಡಿ ನಂಬಬೇಡಿ, ಬೆಳಗಿನ ಗುಳಿಗೆ ನಿಲ್ಲಿಸಬೇಕೇ?* ಅದರ ಕೆಳಗೆ ದುಂಡು ಸೀಲು. ಸೀಲಿನ ಪಕ್ಕ ಅವಸರದ ಸಹಿ.

ಸಹಿಯ ಕೆಳಗೆ *ಮೀನಂ 5*.

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಅಕ್ಷರ ಬದಲಾಗಲಿಲ್ಲ.

ಬುಧವಾರ ಬೆಳಿಗ್ಗೆ. ಈಗ ಒಂದೊಂದಾಗಿ ನೆನಪಾಯಿತು. ಉಣ್ಣಿತ್ತಾನ್ ಹಿಂದಿನ ದಿನ ಬೇಗ ಹೊರಟು ಅರ್ಧ ಕಂತೆ ಉಳಿಸಿಹೋಗಿದ್ದರು. ಹೊಸ ಪಾಠವೊಂದು ಕಂಪ್ಯೂಟರಿಗೆ ಏರುತ್ತಿತ್ತು, ಕಾಯುವ ಹೊತ್ತು ಸುಮ್ಮನೆ ಯಾಕೆ ಎಂದು ಅವರು ಕಂತೆ ಎಳೆದುಕೊಂಡಿದ್ದರು. ನಲವತ್ತೋ ಐವತ್ತೋ ಚೀಟಿ. ಎಲ್ಲ ಅಂಕಕ್ಕಾಗಿ ಬರೆದವು, ದಿನವೂ ಬರುವವೇ. ಒಂದೊಂದಕ್ಕೆ ಒಂದೊಂದು ಸೆಕೆಂಡು, ಹೆಚ್ಚೆಂದರೆ ಎರಡು. ಆ ಪಾಠದ ಹೆಸರೂ ನೆನಪಾಯಿತು: *ಎಚ್ಚರಿಕೆಯನ್ನು ಓದದೆ ಒತ್ತಬೇಡಿ.*

ನೂರ ನಲವತ್ತಾರು ಕೆಂಪು ಚುಕ್ಕೆಗಳು ಇನ್ನೂ ಪಕ್ಕದ ಪರದೆಯ ಮೇಲೆ ಉರಿಯುತ್ತಿದ್ದವು. ನೂರ ನಲವತ್ತೇಳನೆಯದು ತಾನು ಎಂದು ಅವರಿಗೆ ಅರ್ಥವಾಯಿತು. ಅಳು ಬರಲಿಲ್ಲ. ಇಷ್ಟು ದೊಡ್ಡದೊಂದು ಇಷ್ಟು ಚಿಕ್ಕ ಜಾಗದಲ್ಲಿ, ತನ್ನದೇ ಬೆರಳ ತುದಿಯಲ್ಲಿ, ಎರಡು ವಾರ ಅಡಗಿ ಕೂತಿತ್ತಲ್ಲ ಎಂದು ಬೆರಗಾದರು.

ಪ್ರಸೂನ್ ಎರಡು ಗ್ಲಾಸು ಚಾಯ ಹಿಡಿದು ಒಳಗೆ ಬಂದ. ಪರದೆ ನೋಡಿದ. ಗ್ಲಾಸುಗಳನ್ನು ಜೋಪಾನವಾಗಿ ಮೇಜಿನ ಮೇಲಿಟ್ಟ.

"ಯಾಕೋ?" ಎಂದರು ಏಲಿಕುಟ್ಟಿ.

"ನಮ್ಮಪ್ಪನಿಗೆ ತಪ್ಪು ಇಂಜೆಕ್ಷನ್ ಚುಚ್ಚೋಕೆ ಹೋದಾಗ ಚಾರ್ಟು ಓದಿ ಕೈ ತಡೆದವರು ಯಾರು ಟೀಚರೇ? ಇವತ್ತೂ ಮನೇಲಿ ಕೂತು ಅಮ್ಮನ ಜೊತೆ ಜಗಳ ಆಡ್ತಿದ್ದಾರೆ. ಚಿತ್ರ ಪಾಠಕ್ಕೆ ಹಾಕಿದ ಮೇಲೆ ನಿಮ್ಮ ಸಹಿ ಕಂಡಿತು, ನನ್ನ ಕೈ ತಾನಾಗೇ ಪಿನ್ನು ಕಿತ್ತಿತು. ಆಮೇಲೆ ಇನ್ನೊಂದು ಚಿತ್ರ ತೆಗೆದೆ."

"ಆ ಹುಡುಗ?"

"ಯೋಚನೆ ಮಾಡ್ಲಿಲ್ಲ." ಅವನು ಜೇಬಿನಿಂದ ಪರ್ಸು ತೆಗೆದ. ಅದರೊಳಗಿಂದ ನಾಲ್ಕಾಗಿ ಮಡಿಸಿದ ಹಳದಿ ಕಾಗದ ಬಂತು. "ಸುಡೋಣ ಅಂತ ಮೂರು ಸಲ ಕಡ್ಡಿ ಗೀರಿದೆ, ಆಗಲಿಲ್ಲ. ಈಗ ಟೀಚರೇ ಹೇಳಿ. ಇದೂ ಇಲ್ಲ, ಆ ಚಿತ್ರವೂ ಇಲ್ಲ ಅಂತ ಮಾಡೋಕೆ ನನಗೆ ಎರಡು ನಿಮಿಷ ಸಾಕು."

ಏಲಿಕುಟ್ಟಿಯವರು ಚೀಟಿಯನ್ನು ಕೈಗೆ ತೆಗೆದುಕೊಂಡರು. ಈ ಸಲ ಮೊದಲಿನಿಂದ ಕೊನೆಯವರೆಗೆ ಓದಿದರು. ಓದಲು ಆರು ಸೆಕೆಂಡು ಹಿಡಿಯಿತು.

"ಟೀಚರ್, ಕರೀತಿದ್ದಾರೆ," ಎಂದಿತು ಬಾಗಿಲಾಚೆಯಿಂದ ಕುಂಞಿರಾಮನ್ ದನಿ.

ಅವರು ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದೇ ಎದ್ದರು. ಚಾಯದಿಂದ ಹಬೆ ಏಳುತ್ತಿತ್ತು. ಹೊರಗೆ ಜಿಷ್ಣುವಿನ ತಾಯಿ ಬೆಂಚಿನಿಂದೆದ್ದು ಕೈ ಮುಗಿದಳು. "ಇಡೀ ಊರಲ್ಲಿ ನಮ್ಮ ಮಾತು ನಂಬಿದ್ದು ಟೀಚರ್ ಒಬ್ಬರೇ," ಅಂದಳು. ಏಲಿಕುಟ್ಟಿಯವರಿಗೆ ಅವಳ ಕಣ್ಣು ನೋಡಲಾಗಲಿಲ್ಲ.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು. ಒಂದು ಬದಿಗೆ ಜಿಷ್ಣು, ಇನ್ನೊಂದು ಬದಿಗೆ ಉಣ್ಣಿತ್ತಾನ್ ಸಾರ್. ಆ ಸಿಡುಕಿನ ಮನುಷ್ಯ ಒಂದೇ ದಿನದಲ್ಲಿ ಹತ್ತು ವರ್ಷ ಮುದುಕರಾದಂತಿದ್ದರು. ಎದುರಿಗೆ ಅಧ್ಯಕ್ಷೆಯ ಕೈಯಲ್ಲಿ ಬೆಳಗಿನ ಕಾಗದ, ಕೆಳಗೆ ಏಲಿಕುಟ್ಟಿಯವರ ಸಹಿ, ಮೀನಂ 19.

"ಕೂತ್ಕೊಳ್ಳಿ ಟೀಚರ್. ಜಾಸ್ತಿ ಹೊತ್ತು ಬೇಡ," ಎಂದರು ಅಧ್ಯಕ್ಷೆ. "ಆ ಚೀಟಿಗೆ ಓದದೆ ಸಹಿ ಹಾಕಿದ್ದು ಉಣ್ಣಿತ್ತಾನ್ ಸಾರ್ ಅಂತ ಬರೆದುಕೊಟ್ಟಿದ್ದೀರಿ. ನಿಮ್ಮ ಮಾತಿನ ಮೇಲೇ ಇವತ್ತಿನ ತೀರ್ಮಾನ. ಒಂದೇ ಪ್ರಶ್ನೆ. ಹೌದಾ, ಇಲ್ವಾ?"

ಕೋಣೆಯಲ್ಲಿ ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದರು. ಮುಷ್ಟಿಯೊಳಗೆ ಕಾಗದ ಬೆವರಿಗೆ ಒದ್ದೆಯಾಗುತ್ತಿತ್ತು.

ಒಂದು ಸೆಕೆಂಡು ಕಳೆಯಿತು. ಎರಡು.